ಅಮ್ಮನ ಹಾಗೆ ಅಂತ ಬರೆದುಕೊಟ್ಟೆ

ಮನೆ, ಮಗಳು ಅಂತ ಕೆಲಸ ಬಿಡುತ್ತಿದ್ದಾರೆ. ನಮ್ಮ ಟೀಮಿನ ಮುಖ್ಯಸ್ಥೆ ರಾಜೀನಾಮೆ ಕೊಟ್ಟ ವಾರ ಕ್ಯಾಂಟೀನಿನಲ್ಲಿ ಎಲ್ಲರೂ ಹೇಳಿದ್ದು ಇದನ್ನೇ. ಕಾಲೇಜಿನ ದಿನಗಳನ್ನೆಲ್ಲ ಚರ್ಚಾಸ್ಪರ್ಧೆಗಳಲ್ಲಿ ಕಳೆದ ನನಗೆ ಈ ವಾದ ನಿಲ್ಲುವಂತೆ ಕಾಣಲಿಲ್ಲ. ಮಗಳು ಅಂಬೆಗಾಲಿಡುವಾಗ ಬಿಡದವರು, ಅವಳು ಪಿಯುಸಿಗೆ ಬಂದು ತಾನೇ ದೋಸೆ ಹುಯ್ದುಕೊಳ್ಳುವಾಗ ಯಾಕೆ ಬಿಡುತ್ತಾರೆ?

"ಪಿಯುಸಿನೇ ಕಷ್ಟ ಮಗಾ. ಓದ್ಸೋದು ಬೇಡ್ವಾ?" ಎಂದ ಪಕ್ಕದ ಸೀಟಿನ ಗೆಳೆಯ.

"ನಿನ್ನ ಪಿಯುಸಿಲಿ ನಿಮ್ಮಪ್ಪ ಕೆಲಸ ಬಿಟ್ರಾ?"

"ಬಿಟ್ಟಿದ್ರೂ ನಂಗೆ ಅಷ್ಟೇ ಮಾರ್ಕ್ಸ್ ಬರ್ತಿದ್ದಿದ್ದು, ಬಿಡು ಗುರು."

ಆ ಸಂಜೆ ಕೆಂಗೇರಿಯಲ್ಲಿ ಮೇಡಂ ಜೊತೆಗೇ ಮೆಟ್ರೋ ಹತ್ತಿದೆ. ಅವರು ವಿಜಯನಗರಕ್ಕೆ, ನಾನು ದೀಪಾಂಜಲಿ ನಗರಕ್ಕೆ. ಕೂತ ಕೂಡಲೇ ಕೇಳಿದೆ. "ಮೇಡಂ, ನಿಜವಾಗ್ಲೂ ಮನೆ ಕಾರಣನಾ?"

"ನಾನು ಆಫೀಸಲ್ಲಿದ್ರೇ ನೆಮ್ಮದಿ ಅಂತಾರೆ ನಮ್ಮತ್ತೆ," ಎಂದು ನಕ್ಕರು. ಆಮೇಲೆ ನಿಜ ಹೇಳಿದರು. ಅವರಿಗೆ ಬಡ್ತಿ ಎರಡನೇ ಸಲ ತಪ್ಪಿತ್ತು. ಡೈರೆಕ್ಟರ್ ಕೊಟ್ಟ ಕಾರಣ: ಜನರನ್ನು ಚೆನ್ನಾಗಿ ನೋಡಿಕೊಳ್ಳುತ್ತೀರಿ, ತಾಂತ್ರಿಕ ಕೆಲಸದ ಬಗ್ಗೆ ಮಾತ್ರ ನಿಮ್ಮ ಟೀಮಿನವರೇ ಏನೂ ಬರೆದಿಲ್ಲ.

ನನಗೆ ಸಿಟ್ಟು ಬಂತು. ನಾವು ಮಾಡುವುದು ಆಸ್ಪತ್ರೆಗಳ ಅಪಾಯಿಂಟ್‌ಮೆಂಟ್ ಸಾಫ್ಟ್‌ವೇರ್. ಸೋಮವಾರ ಬೆಳಗ್ಗೆ ರೋಗಿಗಳೆಲ್ಲ ಒಟ್ಟಿಗೇ ಬುಕ್ ಮಾಡುವಾಗ ಅದು ತಪ್ಪದೆ ಕೈಕೊಡುತ್ತಿತ್ತು. ಅರ್ಧದಷ್ಟನ್ನು ಹೊಸದಾಗಿ ಬರೆದು ಸರಿಮಾಡಿದವರು ಇವರು.

"ಅದನ್ನ ಬರೀದೇ ಬಿಟ್ಟ ದಡ್ಡ ಯಾರು ಮೇಡಂ?"

ಅವರು ಮೊಬೈಲನ್ನು ನನ್ನ ಕಡೆ ತಿರುಗಿಸಿದರು. ವರ್ಷಕ್ಕೊಮ್ಮೆ ಮೇಲಿನವರ ಬಗ್ಗೆ ನಾವು ಬರೆದುಕೊಡುವ ಅಭಿಪ್ರಾಯಗಳು, ಬರೆದವರ ಹೆಸರಿರುವುದಿಲ್ಲ. 'ನಮ್ಮನ್ನೆಲ್ಲ ಅಮ್ಮನ ಹಾಗೆ ನೋಡಿಕೊಳ್ಳುತ್ತಾರೆ. ಊಟ ತರದಿದ್ದರೆ ತಮ್ಮ ಡಬ್ಬಿಯನ್ನೇ ಮುಂದಿಡುತ್ತಾರೆ.'

"ಆ ಡಬ್ಬಿ ಖಾಲಿ ಮಾಡ್ತಿದ್ದೋನು ನೀನೊಬ್ನೇ ಕಣೋ," ಎಂದರು.

ಊಟದ ಬಿಡುವಿನಲ್ಲಿ, ಅವರದೇ ಚಪಾತಿ ತಿನ್ನುತ್ತ ಬರೆದಿದ್ದೆ. ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ ಅಂದುಕೊಂಡಿದ್ದೆ. ಅದೇ ವಾರ ಪಕ್ಕದ ಟೀಮಿನ ಮುಖ್ಯಸ್ಥ ಸರ್ ಬಗ್ಗೆಯೂ ಬರೆದಿದ್ದೆ, ಎರಡೇ ತಿಂಗಳು ಅವರ ಕೈಕೆಳಗಿದ್ದವನು. ಯಾವ ತೊಡಕು, ಹೇಗೆ ಬಿಡಿಸಿದರು, ಎಷ್ಟು ದಿನ ಹಿಡಿಯಿತು, ಪೂರಾ ಒಂದು ಪುಟ. ಈ ಸಲದ ಬಡ್ತಿ ಅವರದಾಯಿತು. ಅವರ ಡಬ್ಬಿಯಲ್ಲಿ ಏನಿರುತ್ತಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಸೋಮವಾರದ ಗೋಳು ನಿಂತದ್ದು ಡೈರೆಕ್ಟರಿಗೆ ತಿಳಿಯದೆ ಇತ್ತೇ? ಖಂಡಿತ ತಿಳಿದಿತ್ತು. ಆದರೆ ಅವರ ಕೈಗೆ ನೆಪ ಕೊಟ್ಟವನು ನಾನು.

"ಮುಖ ಯಾಕೆ ಹಂಗ್ ಮಾಡ್ತೀಯ," ಎಂದರು ಮೇಡಂ. "ಪ್ರೀತಿಯಿಂದ ಬರ್ದಿದೀಯ, ಗೊತ್ತು. ಆದ್ರೆ ನಿಮ್ಮ ಡಿಬೇಟಲ್ಲಿ ಸಾಕ್ಷಿ ಇಲ್ದೆ ಮಾತಾಡಿದ್ರೆ ಗೆಲ್ಲಿಸ್ತಿದ್ರಾ?"

ನನ್ನ ಸ್ಟೇಷನ್ ಬಂತು. ಅವರ ನೋಟಿಸ್ ಅವಧಿ ಮುಗಿಯಲು ಇನ್ನೂ ಆರು ವಾರವಿತ್ತು. ಬಾಗಿಲ ಹತ್ತಿರ ಹೋದವನು ತಿರುಗಿ ನಿಂತೆ.

"ಮೇಡಂ, ಎಲ್ಲಾನೂ ಬರ್ದು, ನನ್ನ ಹೆಸರು ಹಾಕಿ, ನಾಳೆನೇ ಡೈರೆಕ್ಟರಿಗೆ ಕಳಿಸ್ತೀನಿ. ಅವ್ರು ತಪ್ಪು ಒಪ್ಕೊಂಡ್ರೆ, ನೀವು ಉಳ್ಕೋತೀರಾ?"