ಹುಲಿಕೆರೆ ತಿರುವಿನ ಹುರುಳಿ

ಗಾಡಿಗಳು ತುಳಿದು ಕಾಳು ಉದುರಲಿ ಅಂತ ಹುಲಿಕೆರೆ ತಿರುವಿನಲ್ಲಿ ರಸ್ತೆಗೆ ಹರಡಿದ್ದ ಹುರುಳಿ ಗಿಡದ ಮೇಲೆ ಹೋದ ವರ್ಷ ನನ್ನ ಸೈಕಲ್ ಜಾರಿ, ತೊಡೆಮೂಳೆ ಮುರಿದು, ಒಳಗೆ ರಾಡ್ ಹಾಕಿದ್ದರು. ಡಾಕ್ಟರು ಒಪ್ಪಿದ ಮೇಲೆ ಮೊನ್ನೆ ಮತ್ತೆ ಸೈಕಲ್ ಹತ್ತಿ ಹಳೇಬೀಡಿನಿಂದ ಹೊರಟೆ. ಅದೇ ತಿರುವಿನಲ್ಲಿ ಮತ್ತೆ ಹುರುಳಿ! ಇಳಿದು ತಳ್ಳಿಕೊಂಡು ಹೊರಟೆ.

ಗಿಡ ತಿರುವಿ ಹಾಕುತ್ತಿದ್ದ ಹೆಂಗಸು ನನ್ನನ್ನೇ ದಿಟ್ಟಿಸಿದರು. "ಹೋದ್ಸಲ ಬಿದ್ದೋರು ನೀವೇ ಅಲ್ವಾ ಸಾರ್? ಕಾಲು ಸರಿಹೋಯ್ತಾ?"

"ಹೋಯ್ತಮ್ಮ. ಮತ್ತೆ ಇಲ್ಲೇ ಹಾಕಿದ್ದೀರಲ್ಲ!" ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆ.

"ಇನ್ನೆಲ್ಲಿ ಹಾಕಾನ? ಬಸ್ಸು ಲಾರಿ ಬರಾದು ಇಲ್ಲೇ ಅಲ್ವಾ? ನೀವು ಪಕ್ಕದಾಗೆ ಹೋಗಿ. ಸೈಕಲ್ ಹತ್ತಿಸಿದ್ರೆ ಒಂದು ಕಾಳೂ ಉದುರಾಕಿಲ್ಲ."

ಅಂದರೆ, ಹೋದ ವರ್ಷ ನಾನು ಮೂಳೆ ಮುರಿದುಕೊಂಡಿದ್ದರಿಂದ ಆಕೆಗೂ ಏನೂ ಉಪಯೋಗ ಆಗಿರಲಿಲ್ಲ.