ವೆಂಡೆಲ್ ಪ್ರೂಟ್ ಆಡಿದ ಮಾತು

ಸಿನಿಮಾದಲ್ಲಿ ನಾಯಕ, ನಾಯಕಿ ಹೋಟೆಲಿನಲ್ಲಿ ಕೂತು ಜಗಳವಾಡುವಾಗ ಅವರ ಬೆನ್ನ ಹಿಂದೆ ಒಬ್ಬ ಬೋಳುತಲೆಯವನು ಕಾಫಿ ಕಲಕುತ್ತಿರುತ್ತಾನಲ್ಲ, ಅವನನ್ನು ನೀವು ನೋಡಿರುವುದಿಲ್ಲ. ನೀವು ನೋಡಬಾರದೆಂದೇ ಅವನಿಗೆ ಸಂಬಳ. ಹಾಲಿವುಡ್ಡಿನ ಪಕ್ಕದೂರು ಬರ್‌ಬ್ಯಾಂಕಿನ ವೆಂಡೆಲ್ ಪ್ರೂಟ್ ಹತ್ತಿರ ಹತ್ತಿರ ಮೂವತ್ತು ವರ್ಷ ಈ ಕೆಲಸ ಮಾಡಿದ. ರೈಲಿಗೆ ಕಾದ, ಕೋರ್ಟಿನಲ್ಲಿ ಆಕಳಿಸಿದ, ಬಾಂಬು ಸಿಡಿದಾಗಲೆಲ್ಲ ಓಡಿದ. ಮಾತು ಮಾತ್ರ ಒಂದೂ ಆಡಲಿಲ್ಲ. ಹಿಂದೆ ಕೂತವರು ಮಾತಾಡುವವರಂತೆ ತುಟಿ ಆಡಿಸಬೇಕು, ಸದ್ದು ಹೊರಡಿಸಬಾರದು. ಸದ್ದು ಹೊರಟರೆ ನಾಳೆಯಿಂದ ಕೆಲಸವಿಲ್ಲ. ವೆಂಡೆಲ್ ಇದರಲ್ಲಿ ಎಷ್ಟು ಪಳಗಿದ್ದನೆಂದರೆ ಮನೆಯಲ್ಲೂ ಒಮ್ಮೊಮ್ಮೆ ಬರೀ ತುಟಿ ಆಡಿಸುತ್ತಿದ್ದ.

"ಉಪ್ಪು ಬೇಕಿದ್ರೆ ಬಾಯ್ಬಿಟ್ಟು ಕೇಳ್ರೀ. ಇಲ್ಲಿ ಯಾವ ನಾಯಕನೂ ಕೂತಿಲ್ಲ," ಎಂದು ಹೆಂಡತಿ ಡೊರೀನ್ ಗದರುತ್ತಿದ್ದಳು.

ಅಂಥವನಿಗೆ ಒಂದು ಸಲ ಮಾತು ಸಿಕ್ಕಿತು. ಕೊಲೆಗಾರನೊಬ್ಬನನ್ನು ಪೊಲೀಸರು ಬೆನ್ನಟ್ಟುವ ಚಿತ್ರ. ಕೊಲೆಗಾರ ಹೆದ್ದಾರಿ ಬದಿಯ ಹೋಟೆಲಿಗೆ ಬಂದು, ಪಕ್ಕದಲ್ಲಿ ತಿನ್ನುತ್ತ ಕೂತವನನ್ನು ದಾರಿ ಕೇಳುತ್ತಾನೆ. ಅವನು, "ಮುಂದೆ ಸೇತುವೆ ಬಿದ್ದೋಗಿದೆ ಸಾರ್," ಅನ್ನಬೇಕು. ಅಷ್ಟೇ. ಅದನ್ನು ಹೇಳಬೇಕಿದ್ದ ನಟನಿಗೆ ಹಲ್ಲುನೋವು ಬಂತು. ನಿರ್ದೇಶಕ ಸುತ್ತ ನೋಡಿ ವೆಂಡೆಲ್‌ನತ್ತ ಬೆರಳು ತೋರಿಸಿದ, "ನಾಳೆ ಇವರೇ ಹೇಳಲಿ."

ಆ ಸಂಜೆ ಡೊರೀನ್ ಬೀದಿಯ ಬಾಗಿಲೆಲ್ಲ ತಟ್ಟಿ ಸುದ್ದಿ ಹಂಚಿದಳು. ಅವಳ ತಾಯಿಗಂತೂ ಅಳಿಯ ಸಿನಿಮಾ ಕೆಲಸಕ್ಕೆ ಹೋಗುತ್ತೇನೆಂದು ಸುಳ್ಳು ಹೇಳಿ ಪಾರ್ಕಿನಲ್ಲಿ ಕಾಲ ಕಳೆಯುತ್ತಾನೆ ಎಂಬ ಗುಮಾನಿ ಮೊದಲಿನಿಂದಲೂ ಇತ್ತು. "ಕಿವಿಯಾರೆ ಕೇಳಿದ್ಮೇಲೆ ನಂಬ್ತೀನಿ," ಎಂದಿತು ಮುದುಕಿ.

ಮರುದಿನ ವೆಂಡೆಲ್ ಗಾಬರಿಯಲ್ಲಿ ಬೆಳಗಿನ ತಿಂಡಿ ತಿನ್ನದೆ ಹೊರಟ. ಸೆಟ್ಟಿನಲ್ಲಿ ಅವನ ಮುಂದೆ ಸೇಬಿನ ಹೂರಣ ತುಂಬಿ ಬೇಯಿಸಿದ ಪೈ ಇಟ್ಟರು. ಕ್ಯಾಮೆರಾದ ಮುಂದೆ ಇಟ್ಟದ್ದನ್ನು ತಿನ್ನಬಾರದು, ಮುಳ್ಳುಚಮಚದಿಂದ ಅತ್ತಿತ್ತ ಸರಿಸುತ್ತಿರಬೇಕು. ಮೊದಲ ಸಲ ತಿಂದರೆ, ದೃಶ್ಯ ಮತ್ತೆ ತೆಗೆದಾಗಲೆಲ್ಲ ಅಷ್ಟೇ ತಿನ್ನಬೇಕಾಗುತ್ತದೆ. ಹೊಸಬರಿಗೆಲ್ಲ ಈ ಪಾಠ ಹೇಳಿಕೊಡುತ್ತಿದ್ದವನೇ ವೆಂಡೆಲ್. ಆದರೆ ಹೊಟ್ಟೆ ಚುರುಗುಟ್ಟುತ್ತಿತ್ತು. ಕ್ಯಾಮೆರಾ ತಿರುಗಿದ್ದೇ ತಡ, ದೊಡ್ಡ ತುಂಡೊಂದನ್ನು ಬಾಯಿಗಿಟ್ಟು, ನುಂಗಿ, ಮಾತು ಹೇಳಿದ.

"ಆಹಾ, ಬಹಳ ಸಹಜವಾಗಿದೆ," ಎಂದ ನಿರ್ದೇಶಕ. "ಪ್ರತಿ ಸಲ ಹೀಗೇ ಮಾಡಿ."

ಒಂದು ಸಲಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಬಾರದಂತೆ ಕಾಯುವ ಐಡಾ ಕನ್ನಡಕದ ಮೇಲಿಂದ ನೋಡಿದಳು. "ಮುಗೀತು ನಿಮ್ ಕಥೆ. ಅದೇ ಗಾತ್ರದ ತುಂಡು, ಅದೇ ಕೈ. ನಾನು ಬಿಡೋಳಲ್ಲ."

ಕೊಲೆಗಾರನಾಗಿದ್ದ ನಟ ಬಹಳ ದೊಡ್ಡ ಮನುಷ್ಯ. ಕೇಳಬೇಕಿದ್ದುದು, "ಮುಂದಿನ ಊರು ಎಷ್ಟು ದೂರ?" ಎಂಬ ಒಂದು ಪ್ರಶ್ನೆ. ಒಮ್ಮೆ ಹಿಂದಿನ ಊರು ಕೇಳಿದ, ಒಮ್ಮೆ ಊರಿನ ಹೆಸರು ಕೇಳಿದ, ಒಮ್ಮೆ ಕೇಳುವುದನ್ನೇ ಮರೆತು ತನ್ನ ಮುಖ ಹೇಗೆ ಕಾಣುತ್ತಿದೆ ಎಂದು ವಿಚಾರಿಸಿದ. ಪ್ರತಿ ಸಲವೂ ವೆಂಡೆಲ್ ತಿಂದ. ಉಗಿಯಲು ಬಕೆಟ್ ತಂದರು, ಪ್ರಯೋಜನವಾಗಲಿಲ್ಲ. ನುಂಗಿದ ಮೇಲೆ ತಾನೇ ಮಾತು.

ಮಧ್ಯಾಹ್ನದ ಹೊತ್ತಿಗೆ ಅವನ ಮುಖ ಬಿಳಿಚಿಕೊಂಡಿತು. ಹಿಂದಿನ ಮೇಜಿನಲ್ಲಿದ್ದ ಹಳೆಯ ಗೆಳೆಯ ಗಸ್ ಪಿಸುಗುಟ್ಟಿದ, "ಸಾಯ್ತೀಯ ಕಣೋ. ನಂಗೆ ಕೊಡು, ನಾನು ಹೇಳ್ತೀನಿ. ನಂಗೆ ಪೈ ಅಂದ್ರೆ ಪ್ರಾಣ."

"ನನ್ ಮಾತಿನ ಮೇಲೆ ಕಣ್ಣು ಹಾಕ್ಬೇಡ," ಎಂದು ವೆಂಡೆಲ್ ಬೆಲ್ಟು ಸಡಿಲಿಸಿದ.

ನಿರ್ದೇಶಕನಿಗೂ ಅನುಮಾನ ಬಂತು. "ಆಗ್ದಿದ್ರೆ ಹೇಳಿ, ಬೇರೆಯವರನ್ನ ಕೂರಿಸ್ತೀವಿ."

"ಆಗುತ್ತೆ ಸಾರ್. ತುಂಬ ರುಚಿಯಾಗಿದೆ."

ಕೊನೆಗೆ ಸಂಜೆಯ ಹೊತ್ತಿಗೆ ಆ ಮಹಾನುಭಾವನ ಬಾಯಲ್ಲಿ ಸರಿಯಾದ ಪ್ರಶ್ನೆ ಬಂತು. ವೆಂಡೆಲ್ ನುಂಗಿ, ಉಸಿರೆಳೆದು ಹೇಳಿದ. ಅಷ್ಟರಲ್ಲಿ ಹಿಂದೆ ಕೂತವರಿಗೆಲ್ಲ ಆ ಮಾತು ಬಾಯಿಪಾಠವಾಗಿತ್ತು. ಎಲ್ಲರೂ ಎದ್ದು, ಅಭ್ಯಾಸಬಲದಿಂದ, ಸದ್ದಾಗದಂತೆ ಚಪ್ಪಾಳೆ ತಟ್ಟಿದರು.

ಚಿತ್ರ ಬಿಡುಗಡೆಯಾದ ಶನಿವಾರ ಡೊರೀನ್, ಅವಳ ತಾಯಿ, ಗಸ್, ಹೋಟೆಲಿನ ದೃಶ್ಯದಲ್ಲಿದ್ದ ಉಳಿದವರು, ಎಲ್ಲ ಸೇರಿ ಥಿಯೇಟರಿನ ಇಡೀ ಒಂದು ಸಾಲನ್ನೇ ಹಿಡಿದರು. ವೆಂಡೆಲ್ ನಡುವೆ ಕೂತ. ಕೊಲೆಗಾರ ಹೋಟೆಲಿನ ಬಾಗಿಲು ತಳ್ಳಿಕೊಂಡು ಬಂದ. ಪಕ್ಕದಲ್ಲಿ ವೆಂಡೆಲ್‌ನ ಹೆಗಲು ಕಂಡಿತು, ಡೊರೀನ್ ಅವನ ಕೈ ಹಿಡಿದುಕೊಂಡಳು. ಕೊಲೆಗಾರ ಕೇಳಿದ, "ಮುಂದಿನ ಊರು ಎಷ್ಟು ದೂರ?"

ಪರದೆಯ ತುಂಬ ಕೊಲೆಗಾರನ ಮುಖವೇ ಇತ್ತು. ಉತ್ತರ ಬರಬೇಕಾದ ಜಾಗದಲ್ಲಿ ಪಿಟೀಲು ಸಣ್ಣಗೆ ಎಳೆಯುತ್ತಿತ್ತು. ಸೇತುವೆ ಬಿದ್ದದ್ದು ಪ್ರೇಕ್ಷಕರಿಗೆ ಮೊದಲೇ ಗೊತ್ತಾದರೆ ಮಜಾ ಇರುವುದಿಲ್ಲವೆಂದು ಆ ಒಂದು ಮಾತನ್ನು ಕತ್ತರಿಸಿ ಎಸೆದಿದ್ದರು.

"ಎಲ್ಲಿ, ಹೇಳ್ಲೇ ಇಲ್ವಲ್ಲ?" ಎಂದಿತು ಮುದುಕಿ.

ಆಗ ಗಸ್ ಗಟ್ಟಿಯಾಗಿ ಹೇಳಿಬಿಟ್ಟ, "ಮುಂದೆ ಸೇತುವೆ ಬಿದ್ದೋಗಿದೆ ಸಾರ್." ಅವನ ದನಿ ಕೇಳಿದ್ದೇ ಪಕ್ಕದವರು, ಅವರ ಪಕ್ಕದವರು, ಜೀವಮಾನವಿಡೀ ಬರೀ ತುಟಿ ಆಡಿಸಿದ ಆ ಸಾಲಿಗೆ ಸಾಲೇ ಒಕ್ಕೊರಲಿನಿಂದ ಹೇಳಿತು, "ಮುಂದೆ ಸೇತುವೆ ಬಿದ್ದೋಗಿದೆ ಸಾರ್."

ಮುಂದಿನ ಸಾಲಿನ ಗೃಹಸ್ಥನೊಬ್ಬ ಸಿಟ್ಟಿನಿಂದ ತಿರುಗಿದ. "ರೀ, ನೀವು ಮೊದ್ಲೇ ನೋಡಿದ್ರೆ ಸುಮ್ನೆ ಕೂತ್ಕೊಳ್ರೀ. ಕಥೆ ಯಾಕೆ ಹೇಳ್ತೀರಾ? ಯಾರ್ರೀ ಅದು?"

ವೆಂಡೆಲ್ ಕಣ್ಣೊರೆಸಿಕೊಂಡು ಮುಂದಕ್ಕೆ ಬಾಗಿದ.

"ಕ್ಷಮಿಸಿ ಸಾರ್," ಎಂದ. "ಅದು ನನ್ನ ಮಾತು."