ಬಟ್ಟೆಗಾದರೆ ಆಗುವ ನೀರು

ನನ್ನ ಎಡಭುಜ ಹಿಡಿದುಕೊಂಡಿದೆ ಎಂದು ಡಾಕ್ಟರು ಬಾಗಿಲ ಮೇಲೊಂದು ಪುಟ್ಟ ರಾಟೆ ಕಟ್ಟಿಸಿ, ದಿನಾ ಹಗ್ಗ ಎಳೆಯಬೇಕೆಂದು ಹೇಳಿದ್ದಾರೆ. ಮೊದಲ ದಿನ ಎಳೆದಾಗಲೇ ಅದು ಕಿರ್ರೆಂದಿತು. ಅಷ್ಟೇ, ಚಿತ್ರದುರ್ಗದ ಆ ವಠಾರದ ಬಾವಿ ಕಣ್ಣ ಮುಂದೆ ಬಂತು... ಬಾವಿಯ ಜೊತೆಗೆ ಪಕ್ಕದ ಮನೆಯ ಪಾದ್ರಿಯವರೂ.

ಎಪ್ಪತ್ತರ ದಶಕ, ನಾನು ಮದುವೆಯಾಗಿ ಬಂದ ಹೊಸತು. ಪಾದ್ರಿಗೇನು, ಭಾನುವಾರ ಒಂದಿನ ಬಾಯಿಗೆ ಕೆಲಸ, ಮಿಕ್ಕ ದಿನ ಹೊಟ್ಟೆಗೆ ಎಂದು ವಠಾರದವರು ನಗುತ್ತಿದ್ದರು. ನಾನೂ ನಕ್ಕಿದ್ದೆ. ಆದರೆ ಗೋಡೆಗೆ ಗೋಡೆ ಅಂಟಿದ ಮನೆಯವಳಿಗೆ ನಿಜ ಗೊತ್ತಾಗದೆ ಇರುತ್ತದೆಯೇ? ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ರೋಗಿಗಳ ಪಕ್ಕ ಕೂರುವುದು, ಆಮೇಲೆ ಹಿರಿಯೂರಿನ ಬಸ್ಸು ಹಿಡಿದು ಯಾರದೋ ಮಣ್ಣಿಗೆ ಓಡುವುದು, ಮರುದಿನ ಹೊಳಲ್ಕೆರೆಯಲ್ಲಿ ಗಂಡ ಹೆಂಡಿರ ಜಗಳ ಬಿಡಿಸುವುದು. ಸಂಜೆ ಬಂದರೆ ಜಗುಲಿಯ ಮೇಲೆ ಮತ್ಯಾರೋ ಕಾದಿರುತ್ತಿದ್ದರು. ಹೆಂಡತಿ ಇಲ್ಲದ ಮನುಷ್ಯ, ಅನ್ನ ಬೇಯಿಸಿಕೊಳ್ಳುವುದಕ್ಕೂ ಪುರುಸೊತ್ತಿರಲಿಲ್ಲ.

ನಾನು ಏಳು ತಿಂಗಳ ಬಸುರಿಯಾಗಿದ್ದಾಗ ಒಂದು ಬೆಳಿಗ್ಗೆ ಅವರು ಬಾವಿಕಟ್ಟೆಗೆ ಬಂದು ನನ್ನ ಕೈಯಿಂದ ಹಗ್ಗ ತೆಗೆದುಕೊಂಡರು.

"ಬಿಡ್ರಿ ತಾಯಿ. ಬಸ್ನಾಗೆ ಕುಂತು ಕುಂತು ಸೊಂಟ ಹಿಡ್ಕಂಡೈತೆ. ಮೈ ಬಗ್ಸಿ ಕೆಲ್ಸ ಮಾಡ್ರಿ ಅಂತ ಡಾಕ್ಟ್ರು ಬೈದವ್ರೆ. ನನಗೆ ಈ ಬಾವಿನೇ ಗರಡಿಮನೆ."

ಅಂದಿನಿಂದ ದಿನಾ ನಮ್ಮ ಕೊಡಗಳನ್ನೂ ಅವರೇ ತುಂಬಿಸತೊಡಗಿದರು. ನನ್ನ ಜೀವಕ್ಕೆ ಎಷ್ಟು ಹಗುರವಾಯಿತೆಂದು ಹೇಳಲಾರೆ.

ತಾಯಿಯಿಲ್ಲದ ನನ್ನ ಬಾಣಂತನಕ್ಕೆಂದು ತುರುವನೂರಿನಿಂದ ಅತ್ತೆ ಬಂದರು. ಪಾದ್ರಿಯವರು ನೀರು ಸೇದುವುದನ್ನು ಕಂಡು ಮೊದಲ ದಿನವೇ ತುಂಬಿದ ಕೊಡವನ್ನು ಬಚ್ಚಲಿಗೆ ಸುರಿದರು. ಕೊಡಕ್ಕೆ ಹುಣಸೆಹಣ್ಣು ಹಾಕಿ ತಿಕ್ಕಿ ಬಾಗಿಲಲ್ಲಿ ಬೋರಲು ಹಾಕಿದರು.

"ಯಾವ ಕುಲವೋ ಏನೋ. ಬಾವಿ ಓನರ್‌ದು, ಕೊಡ ನಮ್ದು ಕಣವ್ವ. ನೀನೇ ಹೇಳು ಅವರಿಗೆ."

ನಾನು ಹೇಳಿದೆ. "ನೀವು ದೇವರ ಕೆಲ್ಸ ಮಾಡೋರು. ನಿಮ್ಮ ಕೈಲಿ ನೀರು ಸೇದಿಸಿದ್ರೆ ನಮಗೆ ಪಾಪ ಸುತ್ಕಂತೈತೆ." ಕೊಳಕು ಮಾತಿಗೆ ಎಂಥಾ ಮಡಿಬಟ್ಟೆ ಉಡಿಸಿದ್ದೆ! ಅವರ ಕಣ್ಣು ಬೋರಲು ಬಿದ್ದ ಕೊಡದ ಕಡೆ ಹೋಗಿ ಬಂತು. "ಆಗ್ಲಿ ತಾಯಿ" ಎಂದು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಮತ್ತೆ ರಾಟೆ ಕಿರುಗುಟ್ಟಿತು. ನೋಡಿದರೆ, ನಮ್ಮ ಕೊಡ ಮುಟ್ಟದೆ, ಒಗೆಯುವ ಕಲ್ಲಿನ ಪಕ್ಕದ ತೊಟ್ಟಿಗೆ ನೀರು ಸೇದಿ ಹಾಕುತ್ತಿದ್ದರು. ಅತ್ತೆಯ ಕಡೆ ತಿರುಗಿ, "ಇದು ಬಟ್ಟೆಗಾಗ್ತೈತಲ್ರಮ್ಮ?" ಎಂದು ಕೇಳಿದರು.

ಅತ್ತೆ ಸ್ವಲ್ಪ ಯೋಚಿಸಿ, "ಬಟ್ಟೆಗಾದ್ರೆ ಆಗ್ತೈತೆ" ಎಂದರು.

ನನ್ನ ಮಗಳ ಬಟ್ಟೆಯೆಲ್ಲ ಆ ನೀರಿನಲ್ಲೇ ಒಗೆದದ್ದು. ಒಗೆಯುವಾಗ ನಾಚಿಕೆಯಾಗುತ್ತಿತ್ತು. ಆದರೂ ಒಗೆದೆ, ಬೇಡವೆನ್ನಲಿಲ್ಲ. ಕುಡಿಯುವ ನೀರನ್ನು ಮಾತ್ರ ನಾನೇ ಸೇದುತ್ತಿದ್ದೆ.

ಮಗಳಿಗೆ ವರ್ಷ ತುಂಬುವ ಮೊದಲೇ ಅವರಿಗೆ ಹೊಸದುರ್ಗದ ಕಡೆ ವರ್ಗವಾಯಿತು. ಹೊರಡುವ ದಿನ ಸುಡು ಬಿಸಿಲಿನಲ್ಲಿ ಟ್ರಂಕು ಕೆಳಗಿಟ್ಟು ನಮ್ಮ ಬಾಗಿಲಿಗೆ ಬಂದರು. ಮಗುವಿನ ತಲೆ ಮುಟ್ಟಲು ಕೈ ಚಾಚಿದವರು ಅತ್ತೆಯ ಮುಖ ನೋಡಿ, ಹಾಗೇ ಮೇಲಿಂದಲೇ ಹರಸಿದರು. ಬೆವರು ಕತ್ತಿನವರೆಗೂ ಇಳಿಯುತ್ತಿತ್ತು. ಒಂದು ಲೋಟ ನೀರು ಕುಡಿದು ಹೋಗಿ ಎನ್ನಲು ನನಗೆ ಬಾಯಿ ಬರಲಿಲ್ಲ.

ಅಲ್ಲೇ ಎಲ್ಲೋ ತೀರಿಕೊಂಡರೆಂದು ತುಂಬಾ ತಡವಾಗಿ ಕೇಳಿದೆ... ಅತ್ತೆಯೂ ಈಗಿಲ್ಲ. ಎಲ್ಲವನ್ನೂ ಅವರ ತಲೆಗೆ ಕಟ್ಟಿ ಹಾಯಾಗಿರೋಣವೆಂದರೆ, ಬಾಗಿಲಲ್ಲಿ ಸುಮ್ಮನೆ ನಿಂತವಳು ನಾನೇ ತಾನೆ.

"ಇನ್ನೊಂದು ಸಲ ಎಳಿಯಮ್ಮ" ಎನ್ನುತ್ತಾಳೆ ಮಗಳು. ಎಳೆಯುತ್ತೇನೆ. ಎಷ್ಟು ಎಳೆದರೂ ಆ ಒಂದು ಲೋಟ ನೀರು ಮೇಲೆ ಬರುವುದಿಲ್ಲ.